ಡ್ರಿಲ್ಲಿನ ಲಿಥಿಯಂ ಪ್ಯಾಕ್‌ಗೆ ಯಾವ ಬಿಎಂಎಸ್ ಬೋರ್ಡ್ ಹೊಂದುತ್ತದೆ?

ಹತ್ತು ಹನ್ನೆರಡು ವರ್ಷ ದುಡಿದ ಕಾರ್ಡ್‌ಲೆಸ್ ಡ್ರಿಲ್ಲಿನ ಮೋಟರು, ಗೇರು, ಚಕ್ಕು ಎಲ್ಲವೂ ಗಟ್ಟಿಮುಟ್ಟಾಗಿದ್ದು, ಹಿಡಿಕೆಯೊಳಗಿನ ನಿಕಲ್-ಕ್ಯಾಡ್ಮಿಯಂ ಸೆಲ್ಲುಗಳು ಮಾತ್ರ ಸತ್ತುಹೋಗಿರುವುದು ಬಡಗಿಗಳ ಪೆಟ್ಟಿಗೆಗಳಲ್ಲಿ ತೀರ ಸಾಮಾನ್ಯವಾದ ಸಂಗತಿ. ಆ ಮಾದರಿಯ ಹೊಸ ಪ್ಯಾಕ್ ಸಿಗುವುದಿಲ್ಲ, ಸಿಕ್ಕರೂ ಹೊಸ ಡ್ರಿಲ್ಲಿನ ಬೆಲೆಯ ಹತ್ತಿರಕ್ಕೆ ಬಂದಿರುತ್ತದೆ. ಹೀಗಾಗಿ ಹಳೆಯ ಸೆಲ್ ತೆಗೆದು 18650 ಗಾತ್ರದ (18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದದ) ಲಿಥಿಯಂ ಸೆಲ್ ಕೂರಿಸಿ, ಅದರ ಕಾವಲಿಗೆ ಒಂದು ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಬೋರ್ಡ್, ಅಂದರೆ ಸೆಲ್ ಅತಿಯಾಗಿ ತುಂಬಿದಾಗ, ತೀರ ಖಾಲಿಯಾದಾಗ ಅಥವಾ ಕರೆಂಟು ಮಿತಿ ಮೀರಿದಾಗ ಕಡಿದುಬಿಡುವ ಪುಟ್ಟ ಸರ್ಕಿಟ್, ಜೋಡಿಸೋಣ ಎಂಬ ಯೋಚನೆ ಬರುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗೆ ಹೋಗಿ ಬಿಎಂಎಸ್ ಕೇಳಿದರೆ ಎದುರಾಗುವ ಮೊದಲ ಪ್ರಶ್ನೆ "ಎಷ್ಟು ಆಂಪ್ಸ್?" ಎಂಬುದು. ಹೆಚ್ಚಿನವರು ಮೋಟರಿನ ಬಿರುಸನ್ನು ನೆನೆದು ಸಿಕ್ಕುವುದರಲ್ಲೇ ದೊಡ್ಡ ಅಂಕಿಯ ಬೋರ್ಡ್ ತಂದುಬಿಡುತ್ತಾರೆ. ನನ್ನ ಅನುಭವದಲ್ಲಿ ತಪ್ಪು ಶುರುವಾಗುವುದೇ ಅಲ್ಲಿಂದ. ಬೋರ್ಡ್ ಇರುವುದು ಸೆಲ್ಲಿನ ರಕ್ಷಣೆಗೆ, ಮೋಟರಿನ ಸೇವೆಗಲ್ಲ. ಆದ್ದರಿಂದ ಮೊದಲು ಸೆಲ್ ಯಾವುದೆಂದು ನಿಶ್ಚಯಿಸಿಕೊಂಡು, ಆ ಸೆಲ್ ತಡೆಯಬಲ್ಲಷ್ಟಕ್ಕೆ ಬೋರ್ಡನ್ನು ಆರಿಸಬೇಕೇ ಹೊರತು ಬೋರ್ಡ್ ತಂದ ಮೇಲೆ ಕೈಗೆ ಸಿಕ್ಕ ಸೆಲ್ ಹಾಕುವುದಲ್ಲ.

ಎಷ್ಟು ಸೆಲ್ ಸರಣಿಯಲ್ಲಿರಬೇಕು ಎಂಬುದು ಸುಲಭದ ಲೆಕ್ಕ. ನಿಕಲ್-ಕ್ಯಾಡ್ಮಿಯಂ ಸೆಲ್ಲಿಗೆ 1.2 ವೋಲ್ಟ್, ಲಿಥಿಯಂ ಅಯಾನ್ ಸೆಲ್ಲಿಗೆ ಸರಾಸರಿ 3.6 ವೋಲ್ಟ್, ಪೂರ್ತಿ ತುಂಬಿದಾಗ 4.2. ಹಾಗಾಗಿ 12 ವೋಲ್ಟಿನ ಹಳೆಯ ಡ್ರಿಲ್ಲಿಗೆ ಮೂರು ಸೆಲ್, 14.4 ವೋಲ್ಟಿನದಕ್ಕೆ ನಾಲ್ಕು, 18 ವೋಲ್ಟಿನದಕ್ಕೆ ಐದು ಸೆಲ್ ಹೊಂದುತ್ತವೆ. ಐದು ಸೆಲ್ಲಿನ ಪ್ಯಾಕ್ ತುಂಬಿದಾಗ 21 ವೋಲ್ಟ್ ತೋರಿಸುವುದರಿಂದ ಅದನ್ನೇ ಕೆಲವರು 20 ವೋಲ್ಟ್ ಎಂದೂ ಕೆಲವರು 21 ವೋಲ್ಟ್ ಎಂದೂ ಮಾರುತ್ತಾರೆ. ಅಗ್ಗದ ಡ್ರಿಲ್ಲುಗಳ ಮೇಲೆ 48 ವಿಎಫ್, 88 ವಿಎಫ್ ಎಂದು ಮುದ್ರಿಸಿರುವುದನ್ನು ಕಂಡು ಬೆರಗಾಗಬೇಕಿಲ್ಲ. ಬಿಚ್ಚಿ ನೋಡಿದರೆ ಒಳಗೆ ಸಾಮಾನ್ಯವಾಗಿ ಅದೇ ಐದು ಸೆಲ್ ಇರುತ್ತವೆ. ಬೋರ್ಡ್ ಸೆಲ್ಲುಗಳ ಸಂಖ್ಯೆಗೆ ಸರಿಯಾಗಿ ಹೊಂದಬೇಕು, ಸೆಲ್ಲಿನ ಬಗೆಗೂ ಹೊಂದಬೇಕು. ಸೋಲಾರ್ ದೀಪಗಳಲ್ಲಿ ಬರುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲು 3.65 ವೋಲ್ಟಿಗೇ ತುಂಬಿಹೋಗುತ್ತದೆ. 4.2 ವೋಲ್ಟ್ ದಾಟಿದ ಮೇಲಷ್ಟೇ ಎಚ್ಚರಗೊಳ್ಳುವ ಬೋರ್ಡ್ ಅದನ್ನು ಕಾಯುವುದಿಲ್ಲ.

ಸೆಲ್ಲುಗಳ ವಿಚಾರದಲ್ಲಿ ಎರಡು ಜಾತಿ. ಒಂದು, ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಿಚ್ಚಿದ, 2200ರಿಂದ 2600 ಎಂಎಎಚ್‌ನ ಸೆಲ್. ಇವು ನಾಲ್ಕೈದು ಆಂಪಿಯರ್‌ಗಿಂತ ಹೆಚ್ಚು ಎಳೆಯಲು ಮಾಡಿದವಲ್ಲ. ಇನ್ನೊಂದು, ಟೂಲ್‌ಗಳಿಗೆಂದೇ ತಯಾರಾದ ಹೆಚ್ಚು ಕರೆಂಟಿನ ಸೆಲ್: ಸ್ಯಾಮ್‌ಸಂಗ್ 25ಆರ್ ಸೆಲ್ 2500 ಎಂಎಎಚ್ ಶೇಖರಿಸಿ 20 ಆಂಪಿಯರ್ ಸತತವಾಗಿ ಕೊಡುತ್ತದೆ, ಮೋಲಿಸೆಲ್ ಪಿ26ಎ 2600 ಎಂಎಎಚ್ ಶೇಖರಿಸಿ 35 ಆಂಪಿಯರ್ ಕೊಡುತ್ತದೆ. 9900 ಎಂಎಎಚ್ ಎಂದು ಬರೆದ 18650 ಸೆಲ್ ಯಾರಾದರೂ ಕೊಟ್ಟರೆ ಅಂಗಡಿಯವರ ತಕ್ಕಡಿಯಲ್ಲೇ ಇಟ್ಟು ನೋಡಬಹುದು. ಅಸಲಿ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ, ನಕಲಿಯು ಅನೇಕ ಸಲ ಅದಕ್ಕಿಂತ ಬಹಳ ಹಗುರ.

ಮೋಟರು ಎಷ್ಟು ಎಳೆಯುತ್ತದೆ

ಬ್ರಷ್ ಇರುವ ಮೋಟರು ತಿರುಗದೆ ನಿಂತಿರುವ ಕ್ಷಣದಲ್ಲಿ, ಅಂದರೆ ಟ್ರಿಗರ್ ಪೂರ್ತಿ ಒತ್ತಿದ ಮೊದಲ ಘಳಿಗೆಯಲ್ಲಿ ಅಥವಾ ಬಿಟ್ ಮರದಲ್ಲಿ ಸಿಕ್ಕಿಕೊಂಡಾಗ, ಅದು ಬರೀ ಸುರುಳಿ ಸುತ್ತಿದ ತಾಮ್ರದ ತಂತಿ. ಆಗ ಕರೆಂಟಿಗೆ ಅಡ್ಡ ಬರುವುದು ದಾರಿಯಲ್ಲಿರುವ ರೋಧ ಮಾತ್ರ. ಮೋಟರು, ಟ್ರಿಗರ್ ಸ್ವಿಚ್, ವೈರು, ಬೋರ್ಡ್ ಎಲ್ಲ ಸೇರಿ 0.2 ಓಮ್ ಎಂದು ಇಟ್ಟುಕೊಳ್ಳೋಣ. ಟೂಲ್ ಸೆಲ್ಲಿನ ಒಳರೋಧ ಸುಮಾರು 20 ಮಿಲಿಓಮ್, ಮೂರಕ್ಕೆ 0.06 ಓಮ್. ಆಗ 12.6 ವೋಲ್ಟನ್ನು 0.26ರಿಂದ ಭಾಗಿಸಿದರೆ 48 ಆಂಪಿಯರ್. ಪ್ರತಿ ಸೆಲ್ಲಿನಲ್ಲೂ ಒಂದು ವೋಲ್ಟಿನಷ್ಟು ಕುಸಿತವಾಗಿ, 4.2 ಇದ್ದದ್ದು 3.2ಕ್ಕೆ ಇಳಿದಂತೆ ಕಾಣುತ್ತದೆ. ಇದೇ ಜಾಗದಲ್ಲಿ ಒಳರೋಧ 70 ಮಿಲಿಓಮ್ ಆಗಿರುವ ಹಳೆಯ ಲ್ಯಾಪ್‌ಟಾಪ್ ಸೆಲ್ ಹಾಕಿದರೆ ಕರೆಂಟು 31 ಆಂಪಿಯರ್‌ಗೆ ಇಳಿಯುತ್ತದೆ ನಿಜ, ಆದರೆ ಸೆಲ್ಲಿನ ವೋಲ್ಟೇಜು 2.1ರ ಆಸುಪಾಸಿಗೆ ಬಿದ್ದುಹೋಗುತ್ತದೆ.

ಡ್ರಿಲ್ಲು ಗುರ್ ಎಂದು ಒಮ್ಮೆ ಮಿಡಿದು ನಿಂತುಬಿಟ್ಟಾಗ ಬೋರ್ಡ್ ಕೆಟ್ಟಿದೆ ಎಂದು ಹಿಂತಿರುಗಿಸುವವರ ಪೈಕಿ ಬಹುಪಾಲು ಜನ ಈ ಎರಡು ಸಂದರ್ಭಗಳನ್ನು ಬೇರ್ಪಡಿಸಿ ನೋಡಿರುವುದಿಲ್ಲ. ಮೊದಲನೆಯದರಲ್ಲಿ ಬೋರ್ಡ್ ಕರೆಂಟು ಮಿತಿ ಮೀರಿತೆಂದು ಕಡಿದಿರುತ್ತದೆ. ಎರಡನೆಯದರಲ್ಲಿ ಸೆಲ್ ಖಾಲಿಯಾಯಿತೆಂದು ತಿಳಿದು ಕಡಿದಿರುತ್ತದೆ. ಗುರುತು ಹಿಡಿಯುವುದಕ್ಕೆ ಒಂದು ದಾರಿ ಇದೆ. ಟ್ರಿಗರ್ ಬಿಟ್ಟು ಮತ್ತೆ ಒತ್ತಿದಾಗ ಡ್ರಿಲ್ಲು ಪುನಃ ಮಿಡಿದರೆ ಕರೆಂಟಿನ ಮಿತಿಯೇ ಕಾರಣವಾಗಿರುವ ಸಂಭವ ಹೆಚ್ಚು, ಏಕೆಂದರೆ ಲೋಡ್ ಬಿಟ್ಟೊಡನೆ ಆ ಬೀಗ ತೆರೆದುಕೊಳ್ಳುತ್ತದೆ. ಚಾರ್ಜರ್ ಹಾಕುವ ತನಕ ಪ್ಯಾಕ್ ಸತ್ತಂತೆಯೇ ಇದ್ದರೆ ಕಡಿಮೆ ವೋಲ್ಟೇಜಿನ ಬೀಗ ಬಿದ್ದಿದೆ. ಅನೇಕ ಬೋರ್ಡುಗಳಲ್ಲಿ ಅದು ತಾನಾಗಿ ತೆರೆಯುವುದಿಲ್ಲ. ಮೊದಲನೆಯದಕ್ಕೆ ಬೇರೆ ಬೋರ್ಡ್ ಮದ್ದಾಗಬಹುದು. ಎರಡನೆಯದಕ್ಕೆ ಎಂಥ ಬೋರ್ಡ್ ತಂದರೂ ಪ್ರಯೋಜನವಿಲ್ಲ, ಸೆಲ್ಲನ್ನೇ ಬದಲಿಸಬೇಕು.

ಬೋರ್ಡಿನ ಮೇಲಿನ ಆಂಪಿಯರ್ ಅಂಕಿ

ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿದರೆ ಬಿ ಮೈನಸ್ (ಸೆಲ್ಲುಗಳ ಕಡೆಯ ಮೈನಸ್) ಮತ್ತು ಪಿ ಮೈನಸ್ (ಹೊರಗಿನ ಮೈನಸ್) ಗುರುತುಗಳ ನಡುವೆ, ಕರೆಂಟನ್ನು ಹರಿಸುವ, ಕಡಿಯುವ ಸ್ವಿಚ್ಚುಗಳಾದ ಮಾಸ್‌ಫೆಟ್ಟುಗಳ ಪಕ್ಕದಲ್ಲಿ, ಆರ್005 ಎಂದು ಬರೆದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಕರಿಯ ತುಂಡುಗಳು ಕಾಣುತ್ತವೆ. ಇವು ಷಂಟ್‌ಗಳು, ಅಂದರೆ ಕರೆಂಟನ್ನು ಅಳೆಯಲು ಇಟ್ಟ ತೀರ ಕಡಿಮೆ ರೋಧದ ರೆಸಿಸ್ಟರುಗಳು, ಒಂದೊಂದೂ 5 ಮಿಲಿಓಮ್. ಎರಡು ಷಂಟ್ ಅಕ್ಕಪಕ್ಕ ಸಮಾಂತರವಾಗಿದ್ದರೆ ಒಟ್ಟು 2.5 ಮಿಲಿಓಮ್. ಬೋರ್ಡಿನ ಚಿಪ್ಪು ಈ ಷಂಟಿನ ಎರಡು ತುದಿಗಳ ನಡುವಿನ ವೋಲ್ಟೇಜನ್ನು ನೋಡುತ್ತಾ ಕುಳಿತಿರುತ್ತದೆ. ಆ ಚಿಪ್ಪು 0.1 ವೋಲ್ಟಿಗೆ ಕಡಿಯುವ ಬಗೆಯದಾದರೆ, 0.1ನ್ನು 0.0025ರಿಂದ ಭಾಗಿಸಿ ನೋಡಿ: 40 ಆಂಪಿಯರ್. ಮೂರು ಸೆಲ್ಲಿನ ಬೋರ್ಡುಗಳ ಮೇಲೆ 40 ಎಂದು ಬರೆದದ್ದು ಅನೇಕ ಸಲ ಈ ಕಡಿತದ ಬಿಂದುವೇ ಹೊರತು ಗಂಟೆಗಟ್ಟಲೆ ಹರಿಸಬಹುದಾದ ಕರೆಂಟಲ್ಲ. ಸತತ ಮಿತಿ ಯಾವುದು, ಕಡಿತದ ಮಿತಿ ಯಾವುದು ಎಂದು ಬೇರೆಬೇರೆಯಾಗಿ ಹೇಳದ ಮಾರಾಟಗಾರರಿಂದ ನಾನು ಬೋರ್ಡ್ ಕೊಳ್ಳುವುದನ್ನು ಬಿಟ್ಟಿದ್ದೇನೆ.

ಸತತ ಮಿತಿಯನ್ನು ನಿರ್ಧರಿಸುವುದು ಶಾಖ. 30 ಆಂಪಿಯರ್ ಹರಿಯುವಾಗ 2.5 ಮಿಲಿಓಮ್ ಷಂಟ್ ಒಂದರಲ್ಲೇ ಎರಡೂಕಾಲು ವಾಟ್ ಬಿಸಿ ಹುಟ್ಟುತ್ತದೆ. ಮಾಸ್‌ಫೆಟ್ಟುಗಳ ಪಾಲು ಅದಕ್ಕೆ ಸೇರುತ್ತದೆ. ಗಾಳಿಯಾಡುವ ಮೇಜಿನ ಮೇಲೆ ಇದು ಏನೂ ಅಲ್ಲ. ಆದರೆ ಡ್ರಿಲ್ಲಿನ ಹಿಡಿಕೆಯೊಳಗೆ, ಸೆಲ್ಲುಗಳಿಗೆ ಅಂಟಿಕೊಂಡಂತೆ, ಪ್ಲಾಸ್ಟಿಕ್ ಗೂಡಿನಲ್ಲಿ ಕುಳಿತ ಬೋರ್ಡಿಗೆ ಆ ಬಿಸಿ ಹೊರಹೋಗಲು ಹಾದಿಯಿಲ್ಲ. ಹೀಗಾಗಿ ಸಮಾನ ಅಂಕಿಯ ಎರಡು ಬೋರ್ಡುಗಳಿದ್ದರೆ ಮಾಸ್‌ಫೆಟ್ ಹೆಚ್ಚಿರುವ, ತಾಮ್ರದ ಪಟ್ಟಿಯ ಮೇಲೆ ದಪ್ಪಗೆ ಬೆಸುಗೆ ಹರಿಸಿರುವ, ಸಾಧ್ಯವಾದರೆ ಅಲ್ಯೂಮಿನಿಯಂ ತಗಡು ಅಂಟಿಸಿರುವ ಬೋರ್ಡನ್ನು ಆರಿಸಬೇಕು.

ಒಂದೇ ಸಾಲಿನ 20 ಆಂಪಿಯರ್ ಸೆಲ್ಲುಗಳ ಪ್ಯಾಕ್‌ಗೆ 40ರಿಂದ 60 ಆಂಪಿಯರ್‌ನಲ್ಲಿ ಕಡಿಯುವ, 20ರಿಂದ 30ನ್ನು ಸತತವಾಗಿ ತಡೆಯುವ ಬೋರ್ಡ್ ಸಾಕೆಂಬುದು ನನ್ನ ತೀರ್ಮಾನ. ಮೇಲಿನ ಲೆಕ್ಕದ ಡ್ರಿಲ್ಲು 40ರ ಬೋರ್ಡಿನಲ್ಲಿ ಟ್ರಿಗರನ್ನು ಥಟ್ಟನೆ ಒತ್ತಿದಾಗ ಆಗೀಗ ನಿಂತೀತು. ಬಿಟ್ ಸಿಕ್ಕಿಕೊಂಡಾಗಲೂ ನಿಲ್ಲುತ್ತದೆ, ಅದು ನಿಲ್ಲಲೇಬೇಕು. ಎರಡೆರಡು ಸೆಲ್ ಸಮಾಂತರವಾಗಿರುವ ದೊಡ್ಡ ಪ್ಯಾಕ್ ಆದರೆ ಈ ಅಂಕಿಗಳನ್ನು ಇಮ್ಮಡಿಗೊಳಿಸಬಹುದು. ಮೂರು ಲ್ಯಾಪ್‌ಟಾಪ್ ಸೆಲ್ಲಿಗೆ 100 ಆಂಪಿಯರ್ ಬೋರ್ಡ್ ಹಾಕುವುದೆಂದರೆ ಕಾವಲುಗಾರನಿಗೆ ಕಣ್ಣು ಕಟ್ಟಿ ಕೂರಿಸಿದಂತೆ. ಷಂಟಿನ ಮೇಲೆ ಬೆಸುಗೆ ತುಂಬಿ ಮಿತಿಯನ್ನು ಏರಿಸುವ ಕಿವಿಮಾತೂ ಕೇಳಿಬರುತ್ತದೆ. ಹಾಗೆ ಮಾಡಿದ ಮೇಲೆ ಆ ಬೋರ್ಡ್ ಎಷ್ಟಕ್ಕೆ ಕಡಿಯುತ್ತದೆಂದು ಮಾಡಿದವರಿಗೂ ತಿಳಿದಿರುವುದಿಲ್ಲ.

ಬ್ರಷ್‌ಲೆಸ್ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳ ಒಳಗಿನ ದೊಡ್ಡ ಕೆಪಾಸಿಟರ್ ಪ್ಯಾಕ್ ಕೂರಿಸಿದ ಕ್ಷಣದಲ್ಲೇ ಭಾರಿ ಕರೆಂಟನ್ನು ಹೀರಿಕೊಳ್ಳುವುದರಿಂದ, ಟ್ರಿಗರ್ ಮುಟ್ಟುವ ಮೊದಲೇ ಬೋರ್ಡ್ ಶಾರ್ಟ್ ಸರ್ಕಿಟ್ ಎಂದು ತಿಳಿದು ಮುಚ್ಚಿಕೊಳ್ಳುವುದುಂಟು.

ಕಾಮನ್ ಪೋರ್ಟೇ, ಸೆಪರೇಟ್ ಪೋರ್ಟೇ

ಕಾಮನ್ ಪೋರ್ಟ್ ಬೋರ್ಡಿನಲ್ಲಿ ಚಾರ್ಜ್ ಒಳಬರುವುದೂ ಕರೆಂಟು ಹೊರಹೋಗುವುದೂ ಪಿ ಮೈನಸ್ ಎಂಬ ಒಂದೇ ಬಾಗಿಲಿನಿಂದ. ಅದಕ್ಕಾಗಿ ಚಾರ್ಜಿಗೊಂದು, ಡಿಸ್‌ಚಾರ್ಜಿಗೊಂದು ಎಂದು ಎರಡು ಗುಂಪು ಮಾಸ್‌ಫೆಟ್ಟುಗಳು ಬೆನ್ನಿಗೆ ಬೆನ್ನು ಕೊಟ್ಟು ಸಾಲಾಗಿ ನಿಂತಿರುತ್ತವೆ, ಮೋಟರಿನ ಕರೆಂಟು ಎರಡನ್ನೂ ದಾಟಿ ಹೋಗಬೇಕಾಗುತ್ತದೆ. ಸೆಪರೇಟ್ ಪೋರ್ಟಿನದಲ್ಲಿ ಚಾರ್ಜರಿನ ಮೈನಸ್‌ಗೆ ಸಿ ಮೈನಸ್ ಎಂಬ ಬೇರೆ ಬಾಗಿಲು. ಮೋಟರಿನ ಕರೆಂಟು ಒಂದೇ ಗುಂಪನ್ನು ದಾಟುವುದರಿಂದ ಅಷ್ಟೇ ಜಾಗದ ಬೋರ್ಡಿನಲ್ಲಿ ಬಿಸಿ ಕಡಿಮೆ, ವೋಲ್ಟೇಜ್ ನಷ್ಟವೂ ಕಡಿಮೆ. ಕಾಗದದ ಮೇಲೆ ಡ್ರಿಲ್ಲಿಗೆ ಸೆಪರೇಟ್ ಪೋರ್ಟೇ ವಾಸಿ.

ಆದರೆ ಇದನ್ನು ತೀರ್ಮಾನಿಸಬೇಕಾದದ್ದು ಪ್ಯಾಕಿನ ಬಾಯಿ. ಹಿಡಿಕೆಯಲ್ಲಿ ದುಂಡನೆಯ ಚಾರ್ಜಿಂಗ್ ಪಿನ್ನಿಗೆ ಪ್ರತ್ಯೇಕ ತೂತಿದ್ದರೆ ಸೆಪರೇಟ್ ಪೋರ್ಟ್ ಬೋರ್ಡನ್ನು ಕಣ್ಣುಮುಚ್ಚಿ ಆರಿಸಬಹುದು. ತೂತಿನ ಮೈನಸ್ ತಂತಿಯನ್ನು ಸಿ ಮೈನಸ್‌ಗೆ ಕೊಟ್ಟರಾಯಿತು. ಪ್ಯಾಕನ್ನು ಕಳಚಿ, ಡ್ರಿಲ್ಲಿಗೆ ತಾಗುವ ಅವೇ ಎರಡು ಹಿತ್ತಾಳೆ ತಗಡುಗಳಿಂದ ಚಾರ್ಜರಿಗೆ ಕೂರಿಸುವ ರಚನೆಯಾದರೆ ಕಾಮನ್ ಪೋರ್ಟ್ ಬೇಕು. ಇಂಥ ಪ್ಯಾಕಿಗೆ ಸೆಪರೇಟ್ ಪೋರ್ಟ್ ಬೋರ್ಡ್ ಹಾಕಿ ಸಿ ಮೈನಸನ್ನು ಖಾಲಿ ಬಿಟ್ಟರೆ ಚಾರ್ಜ್ ಆಗುತ್ತದೆ, ಡ್ರಿಲ್ಲೂ ಓಡುತ್ತದೆ, ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಆದರೆ ಪಿ ಮೈನಸ್ ಮೂಲಕ ಒಳಬರುವ ಚಾರ್ಜನ್ನು ತಡೆಯುವ ಮಾಸ್‌ಫೆಟ್ ಆ ದಾರಿಯಲ್ಲಿ ಇರುವುದೇ ಇಲ್ಲ. ಒಂದು ಸೆಲ್ 4.3 ದಾಟಿದರೂ ಬೋರ್ಡ್ ನೋಡುತ್ತಿರುತ್ತದೆ, ಏನೂ ಮಾಡಲಾರದು. ಹೊರಗೆ ಯಾವ ಲಕ್ಷಣವೂ ತೋರದ ತಪ್ಪು ಇದಾದ್ದರಿಂದ ಇದನ್ನು ಎಲ್ಲಕ್ಕಿಂತ ಕೆಟ್ಟದ್ದೆಂದು ಎಣಿಸುತ್ತೇನೆ.

ಬ್ಯಾಲೆನ್ಸ್ ಇರಬೇಕೇ

ಬ್ಯಾಲೆನ್ಸ್ ಇರುವ ಬೋರ್ಡಿನಲ್ಲಿ ಪ್ರತಿ ಸೆಲ್ಲಿನ ಎದುರು ಒಂದು ಪುಟ್ಟ ಚಿಪ್ಪು, ಒಂದೆರಡು ರೆಸಿಸ್ಟರ್ ಸಾಲಾಗಿ ಕೂತಿರುತ್ತವೆ. ಚಾರ್ಜಿನ ಕೊನೆಯಲ್ಲಿ ಯಾವ ಸೆಲ್ ಮೊದಲು 4.2ರ ಹತ್ತಿರ ಬರುತ್ತದೋ ಅದರ ಪಾಲಿನ ಕರೆಂಟನ್ನು ಸ್ವಲ್ಪ ಬಿಸಿಯಾಗಿ ಸೋರಿಸಿ, ಉಳಿದವು ಅದನ್ನು ಹಿಡಿಯುವಂತೆ ಮಾಡುವುದಷ್ಟೇ ಇವುಗಳ ಕೆಲಸ. ರೆಸಿಸ್ಟರು 100 ಓಮ್‌ನದಾದರೆ ಸೋರುವುದು 42 ಮಿಲಿಆಂಪಿಯರ್. ಎರಡು ಸೆಲ್ಲುಗಳ ನಡುವೆ 100 ಎಂಎಎಚ್ ಅಂತರವಿದ್ದರೆ ಸರಿಹೋಗಲು ಎರಡೂವರೆ ಗಂಟೆ ಹಿಡಿಯುತ್ತದೆ. ಚಾರ್ಜರಿನ ದೀಪ ಹಸಿರಾದೊಡನೆ ಕಿತ್ತಿಡುವವರಿಗೆ ಈ ಸೌಲಭ್ಯ ಇದ್ದೂ ಇಲ್ಲದಂತೆ.

ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಮಾರ್ಗವೆಂದರೆ, ಬ್ಯಾಲೆನ್ಸ್ ಇಲ್ಲದ ಸರಳ ಬೋರ್ಡ್ ಹಾಕಿ, ಪ್ರತಿ ಸೆಲ್ಲಿನಿಂದ ಒಂದೊಂದು ಸಣ್ಣ ತಂತಿಯನ್ನು ಹೊರತೆಗೆದು, ಆಟಿಕೆ ವಿಮಾನ ಹಾರಿಸುವವರು ಬಳಸುವ ಬ್ಯಾಲೆನ್ಸ್ ಚಾರ್ಜರಿನಲ್ಲಿ ಚಾರ್ಜ್ ಮಾಡುವುದು. ಅಂಥ ಚಾರ್ಜರು ಪ್ರತಿ ಸೆಲ್ಲಿನ ವೋಲ್ಟೇಜನ್ನು ಪರದೆಯ ಮೇಲೆ ತೋರಿಸುತ್ತದೆ ಎಂಬುದು ದೊಡ್ಡ ಲಾಭ. ಡ್ರಿಲ್ಲು ಒಬ್ಬರ ಕೈಯಲ್ಲೇ ಇರುವುದಾದರೆ ಇದು ಚೆನ್ನ. ನಾಲ್ಕು ಮಂದಿ ಕೆಲಸಗಾರರು ಬಳಸುವ ಡ್ರಿಲ್ಲಿಗೆ ಹೊರಗೆ ಜೋತಾಡುವ ತಂತಿ ಸಲ್ಲದು, ಬೋರ್ಡಿನಲ್ಲೇ ಬ್ಯಾಲೆನ್ಸ್ ಇರಲಿ. ಮೂರು ಹೊಸ ಸೆಲ್ಲನ್ನು ಒಂದೇ ಪೊಟ್ಟಣದಿಂದ ತೆಗೆದು ಹಾಕಿದ ಪ್ಯಾಕು ಬ್ಯಾಲೆನ್ಸ್ ಇಲ್ಲದೆಯೂ ಬಹುಕಾಲ ಸಮವಾಗಿರುತ್ತದೆ. ಐದು ಸೆಲ್ಲಿನದಕ್ಕೆ ನಾನು ಆ ಧೈರ್ಯ ಮಾಡುವುದಿಲ್ಲ.

ಕಂಪನಿಯ ಲಿಥಿಯಂ ಪ್ಯಾಕ್‌ಗಳ ಒಳಗಿನ ಬೋರ್ಡ್ ಕೆಟ್ಟಿದ್ದರೆ ಮಾತೇ ಬೇರೆ. ಡೀವಾಲ್ಟ್ 20 ವೋಲ್ಟ್ ಮ್ಯಾಕ್ಸ್ ಪ್ಯಾಕಿನಲ್ಲಿ ಸೆಲ್ಲುಗಳ ನಡುವಿನ ಬಿಂದುಗಳೂ ಉಷ್ಣತೆಯ ಸಂವೇದಕವೂ ಹೊರಗಿನ ತಗಡುಗಳ ತನಕ ಬಂದಿರುತ್ತವೆ. ಚಾರ್ಜರು ಅವುಗಳನ್ನು ಓದಿಕೊಳ್ಳುತ್ತದೆ. ಮಕೀಟಾ ಎಲ್‌ಎಕ್ಸ್‌ಟಿಯಂಥ ಪ್ಯಾಕುಗಳು ಯಂತ್ರದೊಂದಿಗೆ ಸಂಕೇತ ವಿನಿಮಯ ಮಾಡಿಕೊಳ್ಳುತ್ತವೆ. ಇಂಥವಕ್ಕೆ ಸಾಮಾನ್ಯ ಬೋರ್ಡ್ ಕೂರಿಸಿದರೆ ಕಂಪನಿಯ ಚಾರ್ಜರು ಆ ಪ್ಯಾಕನ್ನು ಗುರುತಿಸದೆ ಹೋಗಬಹುದು. ಅದೇ ಮಾದರಿಗೆಂದು ಮಾಡಿದ ಬದಲಿ ಬೋರ್ಡ್ ಹುಡುಕುವುದು ಲೇಸು.

ಜೋಡಣೆ

ಜೋಡಣೆಯ ಸುಲಭತೆಯೂ ಆಯ್ಕೆಯ ಒಂದು ಅಳತೆಯೇ. ಸೆಲ್ ತಂತಿಗಳಿಗೆ ಕನೆಕ್ಟರ್ ಇರುವ ಬೋರ್ಡ್, ಬರಿಯ ಬೆಸುಗೆ ಬಿಂದುಗಳಿರುವ ಬೋರ್ಡಿಗಿಂತ ಒಂದು ಕಾರಣಕ್ಕೆ ಮೇಲು: ಚುಚ್ಚುವ ಮೊದಲು ಕನೆಕ್ಟರಿನ ಒಂದೊಂದು ಪಿನ್ನನ್ನೂ ಮಲ್ಟಿಮೀಟರಿನಿಂದ ಪರೀಕ್ಷಿಸಬಹುದು. ಬಿ ಮೈನಸ್‌ನಿಂದ ಮೇಲಕ್ಕೆ ಅಳೆಯುತ್ತಾ ಹೋದರೆ 3.7, 7.4, 11.1 ಎಂದು ಮೆಟ್ಟಿಲು ಹತ್ತಿದಂತೆ ಅಂಕಿ ಏರಬೇಕು. ಬೆಸುಗೆ ಬೋರ್ಡಿನಲ್ಲಾದರೆ ಮೊದಲು ಬಿ ಮೈನಸ್, ಆಮೇಲೆ ಮೊದಲ ಸೆಲ್ಲಿನ ಪ್ಲಸ್, ಅದರ ಮೇಲಿನದು, ಕಟ್ಟಕಡೆಗೆ ಬಿ ಪ್ಲಸ್. ನನ್ನ ಎರಡನೆಯ ಪ್ಯಾಕಿನಲ್ಲಿ ನಡುವಿನ ಎರಡು ತಂತಿಗಳನ್ನು ಅದಲುಬದಲು ಮಾಡಿದ್ದೆ. ಸದ್ದಾಗಲಿಲ್ಲ, ಬೆಂಕಿ ಹತ್ತಲಿಲ್ಲ, ಸಾಸಿವೆಕಾಳಿನಷ್ಟು ಗಾತ್ರದ ರೆಸಿಸ್ಟರೊಂದು ಕೆಂಪಗಾಗಿ ಕಮಟು ಹೊಗೆಯ ಒಂದು ಎಳೆ ಮೇಲೆದ್ದಿತು, ಬೋರ್ಡ್ ಅಷ್ಟಕ್ಕೇ ಮುಗಿಯಿತು.

ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಬಾರದು. ಆ ಬಿಸಿಗೆ ಒಳಗಿನ ಪ್ಲಾಸ್ಟಿಕ್ ಪದರ ಕೆಡುತ್ತದೆ. ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿಸಿ, ಬೆಸುಗೆಯನ್ನು ಪಟ್ಟಿಯ ಚಾಚಿದ ತುದಿಗೆ ಹಾಕಬೇಕು. 0.15 ಮಿಲಿಮೀಟರ್ ದಪ್ಪ, 8 ಮಿಲಿಮೀಟರ್ ಅಗಲದ ಶುದ್ಧ ನಿಕಲ್ ಪಟ್ಟಿಯ ಒಂದು ಸೆಂಟಿಮೀಟರ್ ಉದ್ದಕ್ಕೇ ಅರ್ಧ ಮಿಲಿಓಮ್‌ಗಿಂತ ಹೆಚ್ಚು ರೋಧವಿದೆ, 30 ಆಂಪಿಯರ್‌ನಲ್ಲಿ ಅಷ್ಟು ಉದ್ದವೇ ಅರ್ಧ ವಾಟ್ ಬಿಸಿಯಾಗುತ್ತದೆ. ಆದ್ದರಿಂದ ಎರಡು ಪದರ ಹಾಕುವುದು ಒಳ್ಳೆಯದು. ನಿಕಲ್ ಲೇಪದ ಉಕ್ಕಿನ ಪಟ್ಟಿ ಇನ್ನೂ ಬೇಗ ಕಾಯುತ್ತದೆ. ಮುಖ್ಯ ತಂತಿಗಳು 2.5 ಚದರ ಮಿಲಿಮೀಟರ್‌ಗಿಂತ ಸಣ್ಣದಿರಬಾರದು, ಸಿಲಿಕೋನ್ ಹೊದಿಕೆಯದಾದರೆ ಹಿಡಿಕೆಯೊಳಗೆ ಚೆನ್ನಾಗಿ ಬಾಗುತ್ತವೆ. ಸೆಲ್ಲಿನ ಪ್ಲಸ್ ತುದಿಗೆ ಬಾರ್ಲಿ ಪೇಪರಿನ (ವಿದ್ಯುತ್ ಹಾಯದ ಗಟ್ಟಿ ಕಾಗದದ) ಉಂಗುರ, ಬೋರ್ಡಿಗೂ ಸೆಲ್ಲಿಗೂ ನಡುವೆ ಅದೇ ಕಾಗದದ ಒಂದು ತುಂಡು ಕಡ್ಡಾಯ. ಬೋರ್ಡಿನ ಹಿಂದೆ, ಸೆಲ್ಲುಗಳ ನಡುವೆಯೇ ಶಾರ್ಟ್ ಆದರೆ ಅದನ್ನು ಯಾವ ಬೋರ್ಡೂ ತಡೆಯಲಾರದು.

ಉಷ್ಣತೆಯ ಸಂವೇದಕಕ್ಕೆ ಜಾಗವಿರುವ ಬೋರ್ಡ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತನ್ನಿ. ಸಾಮಾನ್ಯ ಲಿಥಿಯಂ ಸೆಲ್ಲನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಕೆಲಸ ಮುಗಿಸಿ ಬಿಸಿಯಾಗಿಯೇ ಚಾರ್ಜಿಗೆ ಹಾಕಿದ ಪ್ಯಾಕು ಆ ಗೆರೆಯನ್ನು ಸಲೀಸಾಗಿ ದಾಟಿರುತ್ತದೆ.

ಎಲ್ಲ ಜೋಡಿಸಿದ ಮೇಲೆ ಪಿ ಪ್ಲಸ್, ಪಿ ಮೈನಸ್ ನಡುವೆ ಮೀಟರ್ ಇಟ್ಟಾಗ ಸೊನ್ನೆಯೋ ಅರ್ಧಂಬರ್ಧ ಅಂಕಿಯೋ ಬಂದರೆ ಗಾಬರಿಯಾಗಬೇಕಿಲ್ಲ. ಹೊಸದಾಗಿ ಜೋಡಿಸಿದ ಅನೇಕ ಬೋರ್ಡುಗಳು ಒಮ್ಮೆ ಚಾರ್ಜರ್ ಮುಟ್ಟಿಸುವ ತನಕ ಎಚ್ಚರಗೊಳ್ಳುವುದಿಲ್ಲ. ಆ ಚಾರ್ಜರು ಹಳೆಯ ನಿಕಲ್-ಕ್ಯಾಡ್ಮಿಯಂ ಚಾರ್ಜರ್ ಆಗಿರಕೂಡದು. ಮೂರು ಸೆಲ್ಲಿಗೆ 12.6, ನಾಲ್ಕಕ್ಕೆ 16.8, ಐದಕ್ಕೆ 21 ವೋಲ್ಟಿನ, ಲಿಥಿಯಂಗೆಂದೇ ಮಾಡಿದ ಚಾರ್ಜರ್ ಬೇಕು. ಬೋರ್ಡಿನ ಅತಿಚಾರ್ಜ್ ಕಡಿತ ಇರುವುದು ಚಾರ್ಜರ್ ಕೈಕೊಟ್ಟ ದಿನಕ್ಕಾಗಿ, ದಿನವೂ ಚಾರ್ಜ್ ನಿಲ್ಲಿಸುವುದಕ್ಕಲ್ಲ. ಮೊದಲ ಚಾರ್ಜನ್ನು ಹಿಡಿಕೆ ಮುಚ್ಚದೆ, ನೆಲದ ಟೈಲ್ಸಿನ ಮೇಲಿಟ್ಟು, ಎದುರಿಗೆ ಕುಳಿತೇ ಮಾಡಿ. ಮುಗಿದು ಒಂದು ಗಂಟೆ ಬಿಟ್ಟು ಪ್ರತಿ ಸೆಲ್ಲನ್ನು ಅಳೆದಾಗ 0.05 ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ಹಿಡಿಕೆಯ ಸ್ಕ್ರೂ ಹಾಕುವ ಮೊದಲು ಹಿಂದುಳಿದ ಸೆಲ್ಲಿನ ವೆಲ್ಡನ್ನು ಚಿಮಟದಿಂದ ಎಳೆದು ನೋಡಿ.